ಎಸ್ನಾತ್‌ಳ ಮಗು ಊರು ಸೇರಿದ ದಿನ

ಡಬ್ಲಿನ್, ಕ್ಯಾಲಿಫೋರ್ನಿಯಾ
16 ಫೆಬ್ರುವರಿ 2025

ಪ್ರೀತಿಯ ಗುರುಬಸವ್ವ ಅಕ್ಕನವರಿಗೆ, ಹಂಸಾ ಮಾಡುವ ನಮಸ್ಕಾರಗಳು.

ನಾವೆಲ್ಲರೂ ಕ್ಷೇಮವಾಗಿ ಮನೆ ಸೇರಿದೆವು. ಫೋನಿನಲ್ಲಿ ನಿಮಗೆ ಗೊರಗೊರ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ, ಬರೆಯುವುದಿದ್ದರೆ ಕಾಗದ ಬರೆಯಬೇಕು, ಅದೂ ಕನ್ನಡದಲ್ಲೇ ಬರೆಯಬೇಕು ಎಂದು ಲುಸಾಕಾದ ಏರ್‌ಪೋರ್ಟಿನಲ್ಲಿ ನನ್ನಿಂದ ಮಾತು ತೆಗೆದುಕೊಂಡಿರಿ. ಅದಕ್ಕೇ ಕೂತಿದ್ದೇನೆ. ಮಕ್ಕಳ ಡಾಕ್ಟರಾಗಿ ಅರ್ಧ ಆಯುಷ್ಯ ಇಂಗ್ಲಿಷಿನಲ್ಲಿ ಗೀಚಿದ ಕೈ ಇದು. ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಿದೆ. ನೀವು ಟೀಚರು, ತಿದ್ದಿಕೊಂಡು ಓದಿ.

ಇಲ್ಲಿ ಈಗ ಮಳೆ. ಮನೆಯ ಹಿಂದಿನ ಗುಡ್ಡಗಳು ಹಸಿರಾಗಿವೆ. ಮಗಳು ಮಾನ್ಯಾ ಬಸುರಿ, ಎಂಟು ತಿಂಗಳು ತುಂಬುತ್ತಾ ಬಂತು. ಎಮರಿವಿಲ್‌ನಲ್ಲಿ ಕಾರ್ಟೂನ್ ಸಿನಿಮಾದ ಬೊಂಬೆಗಳಿಗೆ ನಡಿಗೆ ಕಲಿಸುವ ಕೆಲಸ ಅವಳದು. ಈಗ ಅವಳೇ ಬಾತುಕೋಳಿಯ ಹಾಗೆ ನಡೆಯುತ್ತಾಳೆ.

ಹೋದ ಶನಿವಾರ ನಮ್ಮ ತಂಡದ ರಘೋತ್ತಮ ಇಲ್ಲಿನ ಹಾಲ್‌ನಲ್ಲಿ ಒಂದು ಕೂಟ ಇಟ್ಟಿದ್ದರು. ಜಾಂಬಿಯಾದ ನಮ್ಮ ವೈದ್ಯಕೀಯ ಕ್ಯಾಂಪಿಗೆ ಸಹಾಯ ಮಾಡಿದವರೆಲ್ಲ ಬಂದಿದ್ದರು, ಬಿಸಿಬೇಳೆಬಾತಿನ ಊಟ. "ಡಾಕ್ಟ್ರೇ, ಕ್ಯಾಂಪಿನ ವಿಷಯ ಎಲ್ಲಾ ನಾನು ಹೇಳಾಯ್ತು. ನೀವೊಂದು ಸ್ವೀಟಾದ ಮೆಮೊರಿ ಹೇಳಿಬಿಡಿ, ಸಾಕು" ಎಂದು ಮೈಕು ಕೈಗಿಟ್ಟರು. ನನಗೆ ಹತ್ತು ದಿನದ ಕ್ಯಾಂಪಿನದೊಂದೂ ನೆನಪಿಗೆ ಬರಲಿಲ್ಲ. ಕ್ಯಾಂಪಿಗೆ ಮುಂಚಿನ ಆ ಪ್ರಯಾಣದ ದಿನವೇ ಬಂದು ಎದುರು ನಿಂತಿತು.

ಅದನ್ನೇ ಹೇಳಿದೆ. ಲುಸಾಕಾದಿಂದ ಮುಂಜಾನೆ ಹೊರಟದ್ದು. ಊರಾಚೆಯ ಪೆಟ್ರೋಲ್ ಬಂಕಿನಲ್ಲಿ ವ್ಯಾನು ನಿಂತಾಗ, ಪಕ್ಕದ ಬಸ್ ಸ್ಟ್ಯಾಂಡಿನಿಂದ ಒಬ್ಬ ಹುಡುಗಿಯಂಥ ತಾಯಿ, ಬೆನ್ನಿಗೆ ಮಗುವನ್ನು ಬಿಗಿಯಾಗಿ ಕಟ್ಟಿಕೊಂಡು ಬಂದು ನಿಮ್ಮನ್ನು ಮಾತಾಡಿಸಿದ್ದು. ಅವರ ಭಾಷೆ ನಿಮಗೊಬ್ಬರಿಗೇ ಬರುತ್ತಿದ್ದುದು. "ಕೂಸಿಗೆ ದೊಡ್ಡಾಸ್ಪತ್ರಿಯೊಳಗ ಆರಾಮ ಆಗೇತಂತ, ಊರಿಗೆ ಹೊಂಟಾಳ, ಬಸ್ಸಿನಾಗ ಜಾಗ ಇಲ್ಲಂತ" ಎಂದು ನೀವು ಹೇಳಿದಿರಿ, ಆಕೆಯನ್ನು ಹತ್ತಿಸಿಕೊಂಡೆವು. ಮುಂದೆ ಸಾಕಲಾ ವ್ಯಾನು ಓಡಿಸುತ್ತಿದ್ದ, ಪಕ್ಕದಲ್ಲಿ ನೀವು. ನಡುವಿನ ಸೀಟಿನಲ್ಲಿ ನಾನು, ಆ ತಾಯಿ. ಹಿಂದೆ ಔಷಧಿ ಪೆಟ್ಟಿಗೆಗಳ ನಡುವೆ ರಘೋತ್ತಮ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಗೊರಕೆ. ನಾನು ತಾಯಿಯನ್ನು ಕೇಳಿ ಮಗುವನ್ನು ಎತ್ತಿಕೊಂಡೆ. ಇದ್ದಿಲಿನ ಮೂಟೆಗಳು, ಮಾವಿನಹಣ್ಣಿನ ಗುಡ್ಡೆಗಳು, ರಸ್ತೆಗೆ ಅಡ್ಡ ಬರುವ ಆಡುಗಳು. ಲುವಾಂಗ್ವಾ ನದಿಯ ಸೇತುವೆಯ ಹತ್ತಿರ ಪೊಲೀಸಿನವನು ಒಳಗೆ ಇಣುಕಿ ಮಗುವಿಗೇನಾಗಿದೆ ಎಂದು ಕೇಳಿದ. ನಿದ್ದೆ ಎಂದೆ. ಇಡೀ ಹಗಲು ಆ ಮಗು ನನ್ನ ಮಡಿಲಲ್ಲೇ ಇತ್ತು, ಒಂದು ಸಲವೂ ಅಳಲಿಲ್ಲ ಎಂದು ಮುಗಿಸಿದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೆಳಗಿಳಿದು ಹೋಗಿ ಬಹಳ ಹೊತ್ತು ಕೈ ತೊಳೆದೆ.

ಅಕ್ಕಾ, ಆ ತಾಯಿಯ ಹೆಸರನ್ನೂ ಕೇಳಿಕೊಳ್ಳಲಿಲ್ಲ ನಾನು. ಮಣ್ಣಿನ ದಾರಿಯೊಂದರ ಬಾಯಲ್ಲಿ ಇಳಿದು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೋದವಳು ಹಿಂದಿರುಗಿ ನೋಡಲಿಲ್ಲ. ಆಕೆ ಮನೆ ಸೇರಿದಳೇ? ಆಮೇಲೆ ಏನಾಯಿತು? ನಿಮಗೆ ಆ ಕಡೆ ಹೋಗುವ ಕೆಲಸವಿದ್ದರೆ ದಯವಿಟ್ಟು ವಿಚಾರಿಸಿ. ಏನು ತಿಳಿದರೂ ಇದ್ದದ್ದು ಇದ್ದ ಹಾಗೆ ಬರೆಯಿರಿ.

ಇತಿ ನಿಮ್ಮ
ಹಂಸಾ


ಪೆಟೌಕೆ, ಜಾಂಬಿಯಾ
14 ಮಾರ್ಚ್ 2025

ಡಾಕ್ಟರ್ ಹಂಸಾ ಅವರಿಗೆ ಗುರುಬಸವ್ವ ಮಾಡುವ ಶರಣು.

ನಿಮ್ಮ ಕಾಗದ ಬಂದ ದಿನ ನಾನು ಅಡಿಗೆ ಮಾಡಲಿಲ್ಲ. ಪಡಸಾಲೆಯಲ್ಲಿ ಕುಳಿತು ಗಟ್ಟಿಯಾಗಿ ಓದಿದೆ. ಗಣಿತದ ಮಾಸ್ತರಿಣಿಯಾಗಿ ಗಂಡನ ಜೊತೆ ಈ ದೇಶಕ್ಕೆ ಬಂದಾಗ ಲುಸಾಕಾದಲ್ಲಿ ಕನ್ನಡದವರು ಸಾಕಷ್ಟಿದ್ದರು. ಒಬ್ಬೊಬ್ಬರಾಗಿ ಹೋದರು. ನಮ್ಮವರು ತೀರಿದ ಮೇಲೆ ನನಗೆ ಕನ್ನಡದಲ್ಲಿ ಜಗಳ ಮಾಡಲಿಕ್ಕೂ ಯಾರೂ ಇಲ್ಲದಂತಾಯಿತು. ಕೋಳಿಗಳಿಗೆ ಕನ್ನಡದಲ್ಲಿ ಬೈಯುತ್ತೇನೆ, ಅವು ಕೇಳುವುದಿಲ್ಲ. ನಿಮ್ಮ ಒತ್ತಕ್ಷರದಲ್ಲಿ ತಪ್ಪು ಎರಡೇ. ಪಾಸು ಮಾಡಿದ್ದೇನೆ.

ಈ ಸಲ ಮಳೆ ಚಲೋ ಆಗಿದೆ. ಗೋವಿನಜೋಳ ಆಳೆತ್ತರ ನಿಂತಿದೆ. ಅದರ ಹಿಟ್ಟಿನದೇ ರೊಟ್ಟಿ ನನ್ನದು, ಬಿಳಿಜೋಳದ ರೊಟ್ಟಿಯ ರುಚಿ ಮರೆತೇ ಹೋಗಿದೆ.

ನೀವು ಕೇಳಿದ ವಿಷಯ. ಆ ಹುಡುಗಿಯ ಹೆಸರು ಎಸ್ನಾತ್. ವಿಚಾರಿಸಿದೆ. ಅವತ್ತು ಸುಖವಾಗಿ ಮನೆ ಮುಟ್ಟಿದಳು. ತಾಯಿ ಮಗು ಇಬ್ಬರೂ ಆರಾಮ ಇದ್ದಾರೆ. ಮಗು ಈಗ ಮೈ ತುಂಬಿಕೊಂಡು, ಕೈಕಾಲು ಬಡಿದು ನಗುತ್ತದೆಯಂತೆ. ನೀವು ಅದರ ಬಗ್ಗೆ ಇನ್ನು ಚಿಂತೆ ಮಾಡಬೇಡಿರಿ.

ಮನೆಯಲ್ಲಿ ಬಸುರಿ ಮಗಳು ಇದ್ದಾಳೆ. ಮನಸ್ಸು ಹಗುರ ಇಟ್ಟುಕೊಳ್ಳಬೇಕು. ಮಂದಿಯ ಕೂಸು ಆಡಿಸಿದವರ ಮನೆಯ ತೊಟ್ಟಿಲು ತೂಗುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಅಷ್ಟು ಹೊತ್ತು ಗುರುತಿಲ್ಲದ ಕೂಸಿಗೆ ಮಡಿಲು ಕೊಟ್ಟಿರಿ, ಜೋಗುಳ ಹಾಡಿದಿರಿ. ನಿಮ್ಮ ಮಗಳ ಹೆರಿಗೆ ಹೂವು ಎತ್ತಿದಂತೆ ಆಗುತ್ತದೆ. ಆದ ಕೂಡಲೇ ಬರೆಯಿರಿ.

ಶರಣು,
ಗುರುಬಸವ್ವ


ಡಬ್ಲಿನ್
11 ಏಪ್ರಿಲ್ 2025

ಅಕ್ಕಾ,

ನಿಮ್ಮ ಕಾಗದ ಬಂದು ನಾಲ್ಕು ದಿನವಾಯಿತು. ಎಸ್ನಾತ್‌ಳ ಮಗು ನಗುತ್ತದೆ ಎನ್ನುವ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಹೇಳದೆ ವಿಧಿಯಿಲ್ಲ ಈಗ. ನನ್ನ ಗಂಡನಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ.

ಆ ಮಗು ಸತ್ತಿತ್ತು.

ನೀವು ಮುಂದಿನ ಸೀಟಿನಲ್ಲಿದ್ದಿರಿ, ನಿಮಗೆ ಗೊತ್ತಾಗುವ ಹಾಗಿರಲಿಲ್ಲ. ನಾನೇ ಕೈ ಚಾಚಿ ಕೇಳಿದವಳು. ಆಕೆಯ ಕಣ್ಣು ಕೆಂಪಗಿದ್ದವು, ಕೂತಲ್ಲೇ ತೂಗಾಡುತ್ತಿದ್ದಳು. ಸ್ವಲ್ಪ ಹೊತ್ತು ನನಗೆ ಕೊಡು, ನೀನು ಒರಗಿಕೋ ಎಂದು ಕೈಸನ್ನೆ ಮಾಡಿದೆ. ಆಕೆ ನಿಮ್ಮನ್ನು ನೋಡಿದಳು, ನೀವೇನೋ ಅಂದಿರಿ, ಬೆನ್ನಿನ ಬಟ್ಟೆಯ ಗಂಟು ಬಿಚ್ಚಿ ಕೊಟ್ಟಳು. ಮಡಿಲಿಗೆ ಬಂದ ಆ ಗಳಿಗೆಗೇ ನನಗೆ ತಿಳಿಯಿತು. ಮಲಗಿದ ಮಗುವಿನ ಭಾರ ಒಂದು ಥರ, ಇದು ಬೇರೆ ಥರ. ಆದರೂ ಬಟ್ಟೆಯ ಒಳಗೆ ಕೈ ಹಾಕಿ ತೋಳಿನ ಒಳಬದಿಯಲ್ಲಿ ನಾಡಿ ಹುಡುಕಿದೆ. ತೊಡೆಯ ಸಂದಿಯಲ್ಲಿ ಹುಡುಕಿದೆ. ತುಟಿಯ ಬಣ್ಣ ನೋಡಿದೆ. ತಲೆ ಎತ್ತಿದರೆ ಆಕೆ ನನ್ನನ್ನೇ ನೋಡುತ್ತಿದ್ದಳು. ನನ್ನ ಮುಖದಲ್ಲಿ ಏನು ಕಂಡಿತೋ. ಆಕೆ ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ಸುಮ್ಮನೆ ನೋಡುತ್ತಿದ್ದಳು.

ನಾನು ಹಾಡಲು ಶುರು ಮಾಡಿದೆ. ಯಾಕೆ ಎಂದು ಕೇಳಬೇಡಿ. ಹಾಡು ನಿಲ್ಲಿಸಿದರೆ ವ್ಯಾನಿನಲ್ಲಿದ್ದ ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಅನ್ನಿಸಿತು. ಗೊತ್ತಾದರೆ ವ್ಯಾನು ನಿಲ್ಲುತ್ತದೆ, ರಘೋತ್ತಮ ಆಫೀಸಿಗೆ ಫೋನು ಮಾಡುತ್ತಾರೆ, ನಿಯಮ, ಪೊಲೀಸು, ಶವಾಗಾರ. ಆಕೆಗೆ ಬೇಕಾಗಿದ್ದದ್ದು ಮನೆ ಸೇರುವುದೊಂದೇ. ಪೊಲೀಸಿನವನು ಇಣುಕಿದಾಗ ನಿದ್ದೆ ಎಂದೆನಲ್ಲ, ಆಗ ಆಕೆ ನನ್ನ ಸೆರಗಿನ ತುದಿ ಹಿಡಿದುಕೊಂಡಳು. ಇಳಿಯುವವರೆಗೂ ಬಿಡಲಿಲ್ಲ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಆ ಪುಟ್ಟ ಮೈ ನನ್ನ ಮಡಿಲಲ್ಲಿ ಸೆಟೆಯುತ್ತಿತ್ತು, ಅಕ್ಕಾ. ನಾನು ಹಾಡುತ್ತಿದ್ದೆ.

ಇಷ್ಟು ದಿನ ಇದು ದುಃಖವಾಗಿತ್ತು. ಹೇಗೋ ಹೊತ್ತುಕೊಂಡಿದ್ದೆ. ಈಗ ನೀವು ಮಗು ಆರಾಮವಾಗಿದೆ ಎಂದು ಬರೆದಿದ್ದೀರಿ.

ನನ್ನ ಸ್ಟೆಥಾಸ್ಕೋಪು ಕಾಲ ಬಳಿಯ ಚೀಲದಲ್ಲೇ ಇತ್ತು. ತೆಗೆಯಲಿಲ್ಲ. ತೆಗೆದರೆ ಎಲ್ಲರೂ ತಿರುಗಿ ನೋಡುತ್ತಾರೆ ಎಂದು ತೆಗೆಯಲಿಲ್ಲ. ಬೆರಳಿನಿಂದ ನೋಡಿದ್ದಷ್ಟೇ, ಅದೂ ಕುಲುಕುವ ವ್ಯಾನಿನಲ್ಲಿ. ತೀರಾ ಎಳೆಯ ಮಕ್ಕಳು ತಣ್ಣಗಾಗಿ, ನಾಡಿ ಸಿಗದ ಹಾಗೆ ಬಿದ್ದಿದ್ದು ಮತ್ತೆ ಉಸಿರಾಡಿದ್ದನ್ನು ನಾನೇ ಕಂಡಿದ್ದೇನೆ. ಹಾಗೇನಾದರೂ ಇದ್ದಿದ್ದರೆ? ಉಸಿರಿದ್ದ ಮಗುವಿಗೆ ಉಸಿರು ಕೊಡದೆ ದಿನವಿಡೀ ಜೋಗುಳ ಹಾಡುತ್ತಾ ಕೂತಿದ್ದೆನೇ ನಾನು? ಸೆಟೆಯಿತು ಎಂದು ಈಗ ಬರೆದೆನಲ್ಲ, ಅದೂ ನಿಜವೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ ತಿಳಿಯುತ್ತಿಲ್ಲ. ನಾನು ಏನೂ ಮಾಡದಿದ್ದರೂ ಅದು ತಾನಾಗಿಯೇ ಬದುಕಿಕೊಂಡಿತೇ?

ಮಾನ್ಯಾಗೆ ಮಾರ್ಚ್ ಕೊನೆಯಲ್ಲಿ ಹೆಣ್ಣುಮಗು ಹುಟ್ಟಿತು. ಇಳಾ ಎಂದು ಹೆಸರು. ಸಂತೋಷದ ಸುದ್ದಿಯನ್ನು ಈ ಕಾಗದದ ಕೊನೆಗೆ ಹಾಕುತ್ತಿದ್ದೇನೆ, ಕ್ಷಮಿಸಿ. ಬಾಣಂತನಕ್ಕೆಂದು ನಾನು ಎಮರಿವಿಲ್‌ನ ಅವರ ಅಪಾರ್ಟ್‌ಮೆಂಟಿನಲ್ಲೇ ಇದ್ದೆ. ಮಗು ನನ್ನ ಮಡಿಲಲ್ಲಿ ನಿದ್ದೆ ಹೋದರೆ ಸಾಕು, ನನ್ನ ಕೈ ತಾನಾಗಿ ಅದರ ಅಂಗಾಲಿಗೆ ಹೋಗುತ್ತದೆ. ಕಚಗುಳಿ ಇಟ್ಟು ಎಬ್ಬಿಸುತ್ತೇನೆ. ಕಿರುಚುತ್ತದೆ. ಆಗ ನನಗೆ ಉಸಿರು ಬರುತ್ತದೆ.

"ಅಮ್ಮಾ, ಸ್ಟಾಪ್. ಯಾಕೆ ಎಬ್ಬಿಸ್ತೀಯಾ? ಜಸ್ಟ್ ಈಗ ಮಲಗಿದ್ಲು" ಎಂದು ಮಾನ್ಯಾ ಮೊದಮೊದಲು ಮೆತ್ತಗೆ ಹೇಳಿದಳು. ಹೋದ ಭಾನುವಾರ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು, "ಯು ಆರ್ ಅ ಡಾಕ್ಟರ್, ಅಮ್ಮಾ. ನಿಂಗೇ ಗೊತ್ತಾಗಲ್ವಾ? ನಿನ್ನ ಕೈಲಿ ಕೊಡೋಕೆ ನಂಗೆ ಭಯ ಆಗ್ತಿದೆ" ಎಂದಳು. ನಾನು ಚೀಲ ತುಂಬಿಕೊಂಡು ಡಬ್ಲಿನ್ನಿಗೆ ಬಂದೆ. ಮಾರನೆಯ ದಿನವೇ ನಿಮ್ಮ ಕಾಗದ ಸಿಕ್ಕಿತು.

ಇನ್ನೊಂದಿದೆ. ಯಾರೂ ಇಲ್ಲದಾಗ ನನ್ನ ಮಡಿಲಿಗೆ ಒಂದು ಭಾರ ಬರುತ್ತದೆ. ಗ್ರೋಸರಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಕೂತಾಗ, ಬಟ್ಟೆ ಮಡಿಸುವಾಗ. ಎಡತೊಡೆಯ ಮೇಲೆ ತಲೆ, ಬಲಗಡೆಗೆ ಕಾಲು. ಅದು ಬಂದರೆ ನಾನು ಅಲುಗಾಡುವುದಿಲ್ಲ. ಹೋಗುವವರೆಗೆ ಕಾಯುತ್ತೇನೆ.

ನೀವು ಆ ಮಗುವನ್ನು ಕಣ್ಣಾರೆ ನೋಡಿದಿರಾ? ಅಥವಾ ಯಾರೋ ಹೇಳಿದ್ದನ್ನು ಬರೆದಿರಾ? ದಯವಿಟ್ಟು ಹೇಳಿ.

ಹಂಸಾ


ಡಬ್ಲಿನ್
30 ಮೇ 2025

ಅಕ್ಕಾ,

ಕಾಗದ ಸೇರಲು ಮೂರು ವಾರ, ಬರಲು ಮೂರು ವಾರ ಎಂದು ಲೆಕ್ಕ ಹಾಕಿ ಕಾದೆ. ಅದೂ ದಾಟಿತು. ನಿಮಗೆ ಹುಷಾರಿಲ್ಲವೇ? ಅಥವಾ ನನ್ನ ಕಾಗದ ಓದಿ ನನ್ನ ಮೇಲೆ ಅಸಹ್ಯವಾಯಿತೇ? ಬದುಕಿದ್ದ ಮಗುವನ್ನು ಸತ್ತಿದೆ ಎಂದು ಬಗೆದ ಡಾಕ್ಟರಿಗೆ ಏನು ಬರೆಯುವುದು ಎಂದು ಸುಮ್ಮನಾದಿರೇ? ಬೈಯಬೇಕೆನಿಸಿದರೆ ಬೈದು ಬರೆಯಿರಿ. ಸುಮ್ಮನಿರಬೇಡಿ.

ಮುಂದಿನ ತಿಂಗಳಿಂದ ಇಳಾಳನ್ನು ಡೇಕೇರಿಗೆ ಕಳಿಸುತ್ತಾರಂತೆ. ಅಜ್ಜಿ ಇರುವಾಗ ಡೇಕೇರು ಯಾಕೆ ಎಂದು ಗಂಡ ಕೇಳಿದರು. ನನಗೆ ಮಂಡಿನೋವು ಎಂದೆ.

ಹಂಸಾ


ಪೆಟೌಕೆ
22 ಜೂನ್ 2025

ತಂಗೀ ಹಂಸಾ,

ಇನ್ನು ನಿನಗೆ ಡಾಕ್ಟರ್ ಎಂದು, ನೀವು ತಾವು ಎಂದು ಬರೆಯುವುದು ನನ್ನಿಂದ ಆಗುವುದಿಲ್ಲ. ನಾನು ಹುಷಾರಾಗಿಯೇ ಇದ್ದೆ. ನಿನ್ನ ಕಾಗದ ಮೇ ತಿಂಗಳ ಮೊದಲಿಗೇ ಬಂದಿತ್ತು. ನಾಲ್ಕು ಸಲ ಬರೆಯಲು ಕುಳಿತೆ, ನಾಲ್ಕು ಸಲವೂ ಎದ್ದೆ. ಮೊದಲು ಮಾಡಬೇಕಾದ ಕೆಲಸ ಮಾಡಿ ಆಮೇಲೆ ಬರೆಯೋಣ ಎಂದು ನಿಶ್ಚಯಿಸಿದೆ.

ಮೊದಲ ಮಾತು ಮೊದಲು. ನಿನ್ನ ಬೆರಳು ತಪ್ಪು ಹೇಳಲಿಲ್ಲ. ಮಗು ಸತ್ತಿತ್ತು. ನೀನು ಅದನ್ನು ಎತ್ತಿಕೊಳ್ಳುವ ಬಹಳ ಹೊತ್ತಿನ ಮುಂಚೆ, ಬೆಳಕು ಹರಿಯುವ ಮೊದಲೇ, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ತಾಯಿಯ ಬೆನ್ನಿನಲ್ಲೇ ಹೋಗಿತ್ತು. ನೀನು ಮಾಡಬಹುದಾದದ್ದು ಏನೂ ಇರಲಿಲ್ಲ. ಇದನ್ನು ಎರಡು ಸಲ ಓದು.

ನನಗೆ ಹೇಗೆ ಗೊತ್ತು ಅಂದರೆ, ಪೆಟ್ರೋಲ್ ಬಂಕಿನಲ್ಲಿ ಅವಳು ನನಗೆ ಹೇಳಿದ್ದು ಅದನ್ನೇ. "ಅವ್ವಾ, ನನ್ನ ಬೆನ್ನ ಮ್ಯಾಲಿನ ಕೂಸು ಹೋಗೇತಿ. ಬಸ್ಸಿನವರು ನೋಡಿ ಇಳಿಸಿಬಿಟ್ರು. ಊರ ಮಣ್ಣಿಗೆ ಹಾಕಬೇಕು, ಕರಕೊಂಡು ಹೋಗ್ರಿ" ಎಂದಳು. ಅವಳ ಮಾತನ್ನು ನಾನು ನನ್ನ ಭಾಷೆಯಲ್ಲಿ ಬರೆಯುತ್ತಿದ್ದೇನೆ, ನನಗೆ ಹಾಗೆಯೇ ಕೇಳಿಸಿದ್ದು. ನಾನು ನಿಮ್ಮ ಕಡೆ ತಿರುಗಿ, ಕೂಸಿಗೆ ಆರಾಮ ಆಗಿದೆ ಎಂದೆ. ರಘೋತ್ತಮ ಒಳ್ಳೆಯವನು, ಆದರೆ ಆಫೀಸಿಗೆ ಕೇಳದೆ ಏನೂ ಮಾಡುವವನಲ್ಲ.

ನೀನು ಕೈ ಚಾಚಿದಾಗ ಅವಳು ನನ್ನ ಮುಖ ನೋಡಿದಳು. ಕೊಡು, ಒಲ್ಲೆ ಅಂದರೆ ಸಂಶಯ ಬರುತ್ತದೆ ಎಂದೆ. ಆಮೇಲೆ ನೀನು ಹಾಡತೊಡಗಿದೆ. ನಿನಗೆ ತಿಳಿಯಲಿಲ್ಲ ಎಂದುಕೊಂಡೆ. ಇಷ್ಟು ದೊಡ್ಡ ಡಾಕ್ಟರಿಗೆ ತಿಳಿಯಲಿಲ್ಲವಲ್ಲ, ಶಿವನೇ ಕಣ್ಣು ಕಟ್ಟಿದ ಎಂದುಕೊಂಡೆ. ಇಡೀ ಹಾದಿ ನಾನು ಹಿಂದೆ ತಿರುಗಿ ನೋಡಲಿಲ್ಲ. ನಿನ್ನ ಮಡಿಲಿಗೆ ಹೆಣ ಹಾಕಿಸಿದವಳು ನಾನು, ಅದೂ ಮೋಸದಿಂದ ಎಂದು ಕೂತಲ್ಲಿಯೇ ಬೆವರುತ್ತಿದ್ದೆ.

ಆಮೇಲೆ ನಿನ್ನ ಕಾಗದ ಬಂತು, ಮಗಳು ಬಸುರಿ ಎಂದು. ಅಂಥ ಮನೆಗೆ ಸಾವಿನ ಸುದ್ದಿ ಹೇಗೆ ಕಳಿಸಲಿ? ಅವಳ ಹೆಸರು ಅವತ್ತೇ ಕೇಳಿಕೊಂಡಿದ್ದೆ, ಆಮೇಲೆ ನಾನು ಯಾರನ್ನೂ ವಿಚಾರಿಸಿರಲಿಲ್ಲ, ಎಲ್ಲಿಗೂ ಹೋಗಿರಲಿಲ್ಲ. ಕೂಸು ನಗುತ್ತದೆ ಎಂದು ಇಲ್ಲಿ, ಇದೇ ಮೇಜಿನ ಮುಂದೆ ಕುಳಿತು ಬರೆದೆ. ನಿನ್ನ ಮನಸ್ಸು ತಣ್ಣಗಾಗಲಿ ಎಂದು ಬರೆದ ಸಾಲು ನಿನಗೆ ಇಂಥ ಬೆಂಕಿ ಹಚ್ಚುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅದಕ್ಕೇ ಈಗ ಹೋಗಿಬಂದೆ. ಸಾಕಲಾ ಕರೆದುಕೊಂಡು ಹೋದ. ಹಾದಿಯಲ್ಲಿ ಅವನಿಗೆ ಎಲ್ಲ ಹೇಳಿದೆ. ಅವನು ಗಾಡಿಯ ವೇಗ ಇಳಿಸಿದ. ಆಮೇಲೆ, "ಟೀಚರ್, ಅವತ್ತು ಆಕಿನ್ನ ಹತ್ತಿಸುವಾಗ ಕೂಸಿನ ಪಾದ ನನ್ನ ಕೈಗೆ ಹತ್ತಿತ್ತು. ನನಗೂ ಗೊತ್ತಿತ್ತು. ಹಿಂದ ಕುಂತ ಡಾಕ್ಟರಿಗೆ ಗೊತ್ತಾಗಬಾರದಂತ ಒಂದೊಂದ ಗುಂಡಿ ತಪ್ಪಿಸಿ ಹೊಡದೆ" ಎಂದ. ನೋಡು, ಆ ವ್ಯಾನಿನಲ್ಲಿ ಗೊತ್ತಿಲ್ಲದವನು ಗೊರಕೆ ಹೊಡೆಯುತ್ತಿದ್ದವನೊಬ್ಬನೇ. ಉಳಿದ ನಾವೆಲ್ಲ ಒಬ್ಬರಿಗೊಬ್ಬರು ಬಚ್ಚಿಡುತ್ತಾ ಒಂದೇ ಗಾಡಿಯಲ್ಲಿ ಕುಳಿತಿದ್ದೆವು.

ಎಸ್ನಾತ್ ಮನೆಯ ಮುಂದೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದಳು. ನಮಸ್ಕಾರ ಮಾಡಲಿಲ್ಲ, ಕೂಡು ಅನ್ನಲಿಲ್ಲ. ಮೊದಲು ಕೇಳಿದ್ದು ಇದು: "ಆ ಡಾಕ್ಟರ್ ಆಯಿ ಮನ್ಯಾಗ ಸಣ್ಣ ಕೂಸು ಅದಾವೇನು? ಎಲ್ಲಾ ಆರಾಮ ಅದಾವೇನು?"

ಯಾಕೆ ಕೇಳುತ್ತೀ ಎಂದೆ.

"ಗೊತ್ತಿಲ್ಲದಾಕಿ ತೊಡಿ ಮ್ಯಾಲೆ ಸತ್ತ ಕೂಸು ಇಟ್ಟೆ. ಆಕಿ ಪಾಪ ಹಾಡ ಹಾಡಿದಳು. ಕೊಡಬಾರದಿತ್ತು ನಾನು. ಆಕಿ ಮನಿಗೆ ಏನರ ಆತೋ ಏನೋ ಅಂತ ಅವತ್ತಿನಿಂದ ಅಂಜಿಕಿ ನನಗ" ಎಂದಳು.

ಹಂಸಾ, ಅವಳು ತನ್ನ ಕೂಸನ್ನು ಕಳೆದುಕೊಂಡವಳು. ಇಷ್ಟು ತಿಂಗಳು ನಿನ್ನ ಮನೆಯ ಕೂಸಿಗೆ ಅಂಜಿ ಕುಳಿತಿದ್ದಾಳೆ.

ಒಂದು ಹೆಣ್ಣುಕೂಸು ಹುಟ್ಟಿದೆ, ಆರಾಮ ಇದೆ ಎಂದು ಹೇಳಿದೆ. ಅವಳು ನಂಬಲಿಲ್ಲ. ಮತ್ತೊಮ್ಮೆ ಕೇಳಿದಳು, ಮತ್ತೊಮ್ಮೆ ಹೇಳಿದೆ. ಆಮೇಲೆ ಹೇಳಿದೆ, "ಆಕಿಗೆ ಗೊತ್ತಿತ್ತವ್ವ. ತೊಗೊಂಡ ಕೂಡಲೇ ಗೊತ್ತಾತಂತ. ಗೊತ್ತಿದ್ದೇ ಇಟಗೊಂಡಿದ್ದಳು."

ಅವಳು ಎದ್ದು ಮನೆಯ ಹಿಂದೆ ಹೋದಳು. ಬರುತ್ತಾಳೆ ಎಂದು ಕಾದೆ. ಶೇಂಗಾದ ಬುಟ್ಟಿಗೆ ಕೋಳಿಗಳು ಬಂದವು, ನಾನೇ ಓಡಿಸಿದೆ. ಬಂದಾಗ ಮುಖ ತೊಳೆದುಕೊಂಡಿದ್ದಳು.

"ಗೊತ್ತಿದ್ದೂ ಹಾಡಿದಳೇನು?" ಎಂದಳು.

ಹೌದು ಎಂದೆ.

"ಹೆಸರಿಡದ ಕೂಸು ಹೋದರ ನಮ್ಮ ಮನಿತನದಾಗ ಹಾಡಂಗಿಲ್ಲ, ಗಟ್ಟ್ಯಾಗಿ ಅಳಂಗಿಲ್ಲ. ನಾನು, ನಮ್ಮವ್ವ, ಚಿಗವ್ವ ಹೋಗಿ ಮಣ್ಣ ಮಾಡಿ ಬಂದ್ವಿ. ಯಾರೂ ಬಾಯಿ ತೆಗೀಲಿಲ್ಲ. ಆಕಿ ಬದುಕಿದ ಕೂಸಂತ ತಿಳದು ಹಾಡಿದಳು ಅಂತ ಮಾಡಿದ್ದೆ. ಹಂಗಾದ್ರ ಆಕಿ ಹಾಡಿದ್ದು ನನ್ನ ಕೂಸಿಗೇ."

ಹೊರಡುವಾಗ ನನ್ನ ಚೀಲಕ್ಕೆ ಶೇಂಗಾ ಸುರಿದಳು. ನಾನು ಸುಳ್ಳು ಬರೆದದ್ದಕ್ಕೆ ನೀನು ಏನು ಬೇಕಾದರೂ ಅನ್ನು. ಮಗಳಿಗೆ ಮಾತ್ರ ಹೇಳು. ಹೇಳದೆ ಕಾಪಾಡಲು ಹೋಗಿ ನಾನು ಏನು ಮಾಡಿದೆ ಎಂದು ನೋಡಿದಿಯಲ್ಲ.

ನಿನ್ನ ಅಕ್ಕ,
ಗುರುಬಸವ್ವ


ಎಮರಿವಿಲ್
20 ಜುಲೈ 2025

ಅಕ್ಕಾ,

ಎರಡು ದಿನ ನಿಮ್ಮ ಮೇಲೆ ಸಿಟ್ಟಿತ್ತು. ಸುಳ್ಳೇಕೆ ಹೇಳಲಿ. ನಗುವ ಮಗುವನ್ನು ಹುಟ್ಟಿಸಿ ಕಳಿಸಿದಿರಲ್ಲ, ಆ ಮಗುವಿನ ಜೊತೆ ನಾನು ಮೂರು ತಿಂಗಳು ಬಾಳಿದೆ. ಮೂರನೆಯ ದಿನ ಎಸ್ನಾತ್ ಕೇಳಿದ ಪ್ರಶ್ನೆಯನ್ನು ಮತ್ತೆ ಓದಿದೆ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಡುಗೆಮನೆಯಲ್ಲಿ ನಿಂತು, ಇಷ್ಟು ತಿಂಗಳಲ್ಲಿ ಮೊದಲ ಸಲ, ಬಾಯಿಬಿಟ್ಟು ಅತ್ತೆ. ಗಂಡ ಓಡಿ ಬಂದರು. ಅವರಿಗೂ ಹೇಳಿದೆ.

ನೀವು ಹೇಳಿದ ಹಾಗೆ ಮಾನ್ಯಾಗೂ ಹೇಳಿದೆ. ಇವತ್ತು ಬೆಳಗ್ಗೆ ಮಗುವನ್ನು ಕರೆದುಕೊಂಡು ಡಬ್ಲಿನ್ನಿಗೆ ಬಂದಿದ್ದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಕೇಳಿದರೆ ತಿಳಿಯುತ್ತದೆ. ನಿಮ್ಮ ಕಾಗದವನ್ನೇ ಓದಿ ಹೇಳಿದೆ. ನಿಮ್ಮ ಊರ ಕಡೆಯ ಮಾತು ಬಂದಲ್ಲಿ ನಿಲ್ಲಿಸಿ ಕೇಳುತ್ತಿದ್ದಳು. ಅಂಜಿಕಿ ಅಂದರೇನು ಎಂದಳು. ಭಯ ಎಂದೆ. ಮುಗಿದ ಮೇಲೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿದಳು. ಆಮೇಲೆ, "ಆಲ್ ದಿಸ್ ಟೈಮ್, ಅಮ್ಮಾ? ನಾನು ನಿನ್ನನ್ನ ಮನೆಯಿಂದ ಕಳಿಸ್ದೆ. ನೀನು ಹೇಳ್ಲೇ ಇಲ್ಲ" ಎಂದಳು. ನೀನು ಬಸುರಿಯಾಗಿದ್ದೆ ಎಂದೆ. ಅದಕ್ಕೆ ಅವಳಿಗೆ ಸಿಟ್ಟೇ ಬಂತು. "ಲೆಟರಲ್ಲಿ ಅವರೂ ಅದೇ ಹೇಳಿದ್ರು, ನೀನೂ ಅದೇ ಹೇಳ್ತೀಯಾ" ಎಂದು ಎದ್ದು ಹೋಗಿ ಮಗುವಿನ ಚೀಲ ತುಂಬತೊಡಗಿದಳು. ಹೊರಟೇ ಹೋಗುತ್ತಾಳೆ ಎಂದುಕೊಂಡೆ. ಬಾಗಿಲ ಹತ್ತಿರ ನಿಂತು, "ನೀನೂ ಬಾ. ಬಟ್ಟೆ ತಗೋ" ಎಂದಳು.

ಆ ಭಾರ ಇನ್ನೂ ಬರುತ್ತದೆ, ಅಕ್ಕಾ. ಮೊನ್ನೆ ಬ್ಯಾಂಕಿನಲ್ಲಿ ಕೂತಾಗ ಬಂತು. ಹೋಗುತ್ತದೋ ಇಲ್ಲವೋ ಗೊತ್ತಿಲ್ಲ. ಈಗ ಅದಕ್ಕೆ ಎಸ್ನಾತ್‌ಳ ಮಗು ಎನ್ನುತ್ತೇನೆ. ಮುಂಚೆ ಅದನ್ನು ಏನೆಂದು ಕರೆಯುವುದು ಗೊತ್ತಿರಲಿಲ್ಲ.

ಫ್ರೀವೇಯಲ್ಲಿ ಮಾನ್ಯಾ ಕಾರು ಓಡಿಸುತ್ತಿದ್ದಳು, ಹಿಂದಿನ ಸೀಟಿನಲ್ಲಿ ನಾನು, ಪಕ್ಕದಲ್ಲಿ ಕಾರ್‌ಸೀಟಿನಲ್ಲಿ ಇಳಾ. ಬೇಸಿಗೆ, ಎರಡೂ ಕಡೆ ಗುಡ್ಡ ಒಣಗಿ ಗೋದಿಬಣ್ಣಕ್ಕೆ ತಿರುಗಿದೆ. ಕ್ಯಾಸ್ಟ್ರೋ ವ್ಯಾಲಿ ದಾಟುವಷ್ಟರಲ್ಲಿ ಮಗು ನಿದ್ದೆ ಹೋಯಿತು. ತಲೆ ಒಂದು ಬದಿಗೆ ವಾಲಿತು, ಬಾಯಿ ಅರೆ ತೆರೆಯಿತು. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಎದೆ ಏರುತ್ತಿದೆ, ಇಳಿಯುತ್ತಿದೆ, ನೋಡು, ನೋಡು ಎಂದು ನನಗೆ ನಾನೇ ಹೇಳಿಕೊಂಡೆ. ಕಿಟಕಿಯಾಚೆ ಲಾರಿಯೊಂದು ದಾಟಿತು, ಕಾರು ನಡುಗಿತು, ಏರಿದ್ದು ಕಾಣಿಸಲಿಲ್ಲ. ಮತ್ತೆ ನೋಡಿದೆ. ಕಾಣಿಸಲಿಲ್ಲ. ನನ್ನ ಉಸಿರು ಮುಂದೆ ಕೂತ ಅವಳಿಗೆ ಕೇಳಿಸುವಷ್ಟು ಜೋರಾಗಿತ್ತೇನೋ.

ಮಾನ್ಯಾ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು, "ಎಬ್ಬಿಸಮ್ಮಾ."

ಬೇಡ, ಮಲಗಿರಲಿ ಎಂದೆ.

"ಇಟ್ಸ್ ಓಕೆ. ಎಬ್ಬಿಸು. ನಂಗೂ ಕೇಳ್ಬೇಕು."

ಅಂಗಾಲು ಮುಟ್ಟಿದೆ. ಬೆಚ್ಚಗಿತ್ತು. ಇಳಾ ಕಾಲು ಕೊಡವಿ, ಕಣ್ಣು ಬಿಟ್ಟು, ನನ್ನನ್ನು ನೋಡಿ, ಮುಖವೆಲ್ಲ ಕೆಂಪಗೆ ಮಾಡಿಕೊಂಡು ಅಳಲು ಶುರು ಮಾಡಿದಳು. ಓಕ್‌ಲ್ಯಾಂಡ್ ಬಂತು, ಹಡಗುಕಟ್ಟೆಯ ಕ್ರೇನುಗಳು ಬಂದವು, ಎಮರಿವಿಲ್‌ನ ತಿರುವೂ ಬಂತು. ಅವಳು ಅಳುತ್ತಲೇ ಇದ್ದಳು. ನಾನಾಗಲೀ, ಅವಳಮ್ಮನಾಗಲೀ ಸುಮ್ಮನಿರು ಎನ್ನಲಿಲ್ಲ.

ಇತಿ,
ಹಂಸಾ